ದೊಡ್ಡ ಬಂದರಿನ ಸಣ್ಣ ಎಂಜಿನ್‌ಗಳು

ನ್ಯೂಯಾರ್ಕ್ ನಗರದ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿದರೆ ಆ ನಗರಕ್ಕೆ ಸರಕು ತಲುಪಿಸುವುದು ಎಷ್ಟು ಕಷ್ಟದ ಕೆಲಸ ಎಂಬುದು ಗೊತ್ತಾಗುತ್ತದೆ. ಮ್ಯಾನ್‌ಹಟನ್ ಒಂದು ದ್ವೀಪ. ಬ್ರೂಕ್ಲಿನ್ ಮತ್ತು ಕ್ವೀನ್ಸ್ ಲಾಂಗ್ ಐಲೆಂಡ್ ಎಂಬ ಇನ್ನೊಂದು ದ್ವೀಪದ ತುದಿಯಲ್ಲಿವೆ. ಬ್ರಾಂಕ್ಸ್ ಮಾತ್ರ ಮುಖ್ಯ ಭೂಭಾಗಕ್ಕೆ ಅಂಟಿಕೊಂಡಿದೆ. ಅಮೆರಿಕದ ಒಳನಾಡಿನಿಂದ ಗೋಧಿ, ಕಲ್ಲಿದ್ದಲು, ಮಾಂಸ, ಮರಮುಟ್ಟು ತರುತ್ತಿದ್ದ ರೈಲುಮಾರ್ಗಗಳಲ್ಲಿ ಹೆಚ್ಚಿನವು ಹಡ್ಸನ್ ನದಿಯ ಆಚೆ ದಡದ ನ್ಯೂಜೆರ್ಸಿಯಲ್ಲೇ ಮುಗಿದುಹೋಗುತ್ತಿದ್ದವು. ನಡುವೆ ಅಗಲವಾದ ನದಿ, ಸೆಳೆತದ ನೀರು, ಹಗಲೂ ರಾತ್ರಿ ಓಡಾಡುವ ಹಡಗುಗಳು. ಸರಕು ಸಾಗಣೆಗೆ ಸೇತುವೆಯೂ ಇಲ್ಲ, ಸುರಂಗವೂ ಇಲ್ಲ.

ರೈಲ್ವೆ ಕಂಪನಿಗಳು ಇದಕ್ಕೆ ಒಂದು ಉಪಾಯ ಮಾಡಿದವು. ವ್ಯಾಗನ್‌ಗಳನ್ನು ಸರಕಿನ ಸಮೇತ ದೋಣಿಯ ಮೇಲೆ ಹತ್ತಿಸಿ ನೀರು ದಾಟಿಸತೊಡಗಿದವು. ಮೇಲೆ ಹಳಿ ಹಾಸಿದ ಈ ಉದ್ದನೆಯ ಚಪ್ಪಟೆ ದೋಣಿಗೆ ‘ಕಾರ್ ಫ್ಲೋಟ್’ ಎಂದು ಹೆಸರು. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ಸಾಗಿಸಲು ಟಗ್ ಬೇಕು. ಎರಡೂ ದಡಗಳಲ್ಲಿ ವ್ಯಾಗನ್‌ಗಳನ್ನು ಹತ್ತಿಸಿ ಇಳಿಸಲು ಸಣ್ಣ ಶಂಟಿಂಗ್ ಎಂಜಿನ್ ಬೇಕು. ಈ ಕೆಲಸ ಉಚ್ಛ್ರಾಯದಲ್ಲಿದ್ದಾಗ ಆ ಬಂದರಿನಲ್ಲಿ ರೈಲ್ವೆ ಕಂಪನಿಗಳ ಟಗ್‌ಗಳೇ ಸುಮಾರು 150 ಇದ್ದವು. ಕಾರ್ ಫ್ಲೋಟ್‌ಗಳು 300ಕ್ಕೂ ಹೆಚ್ಚು.

ಸಾಗರ ದಾಟಿ ಬರುವ ದೊಡ್ಡ ಹಡಗುಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಅಂಚೆ ಕಾರ್ಡುಗಳ ಮೇಲೂ ಬಂದವು. ಆ ಹಡಗುಗಳನ್ನು ಧಕ್ಕೆಗೆ ತಂದು ಕಟ್ಟಿದ ಟಗ್ಗನ್ನಾಗಲೀ, ಧಕ್ಕೆಯ ಹಿಂದೆ ವ್ಯಾಗನ್ ನೂಕುತ್ತಿದ್ದ ಗಿಡ್ಡ ಎಂಜಿನ್ನನ್ನಾಗಲೀ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಆದರೆ ಅಮೆರಿಕದ ರೈಲ್ವೆಯಲ್ಲಿ ಡೀಸೆಲ್ ಯುಗ ಶುರುವಾದದ್ದು ಅತಿ ವೇಗದ ಪ್ರಯಾಣಿಕರ ಗಾಡಿಯಿಂದಲ್ಲ, ಇಂಥದೊಂದು ಗಿಡ್ಡ ಎಂಜಿನ್‌ನಿಂದ. ಯಂತ್ರ ಬಂದ ಮೇಲೆ ಎಷ್ಟು ಕೈಗಳು ಬೇಕು ಎಂಬ ಜಗಳ ದೊಡ್ಡದಾಗಿ ಬೆಳೆದದ್ದೂ ಇಂಥ ಎಂಜಿನ್‌ಗಳ ಸುತ್ತಲೇ.

ನೀರಿನ ಮೇಲೆ ವ್ಯಾಗನ್

ಕಾರ್ ಫ್ಲೋಟ್‌ಗೆ ವ್ಯಾಗನ್ ಹತ್ತಿಸುವುದು ನೋಡಿದಷ್ಟು ಸುಲಭವಲ್ಲ. ಸಮುದ್ರದ ಉಬ್ಬರವಿಳಿತಕ್ಕೆ ತಕ್ಕಂತೆ ಫ್ಲೋಟ್ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ದಡದ ಹಳಿ ಇದ್ದಲ್ಲೇ ಇರುತ್ತದೆ. ಇವೆರಡನ್ನು ಜೋಡಿಸಲು ಒಂದು ತುದಿ ದಡಕ್ಕೆ ಕೀಲಿಸಿದ, ಇನ್ನೊಂದು ತುದಿ ಏರಿಳಿಯುವ ಸೇತುವೆ ಇರುತ್ತದೆ. ಫ್ಲೋಟ್ ಬಂದು ಆನಿಕೊಂಡಾಗ ಹಳಿಗೆ ಹಳಿ ಕೂಡಿಸಿ, ಕಬ್ಬಿಣದ ಸರಳುಗಳಿಂದ ಭದ್ರಪಡಿಸಬೇಕು.

ಆಮೇಲೆ ಶಂಟಿಂಗ್ ಎಂಜಿನ್‌ನ ಸರದಿ. ಭಾರದ ಎಂಜಿನ್ ಸೇತುವೆಯ ಮೇಲೆ ಬರಬಾರದೆಂದು ಎಂಜಿನ್ ಮತ್ತು ಸರಕಿನ ವ್ಯಾಗನ್‌ಗಳ ನಡುವೆ ಖಾಲಿ ಚಪ್ಪಟೆ ವ್ಯಾಗನ್‌ಗಳನ್ನು ಜೋಡಿಸುತ್ತಿದ್ದರು. ಎಂಜಿನ್ ದಡದ ಮೇಲೇ ನಿಂತು, ಈ ಖಾಲಿ ವ್ಯಾಗನ್‌ಗಳನ್ನು ಉದ್ದನೆಯ ಕೋಲಿನಂತೆ ಬಳಸಿ ಸರಕನ್ನು ನೂಕುತ್ತಿತ್ತು. ಒಂದೇ ಬದಿಯ ಹಳಿಯನ್ನು ಪೂರ್ತಿ ತುಂಬಿಸಿದರೆ ಫ್ಲೋಟ್ ವಾಲಿ ಮಗುಚಿಕೊಳ್ಳುತ್ತದೆ. ಆದ್ದರಿಂದ ಈ ಬದಿಗೆ ಕೆಲವು, ಆ ಬದಿಗೆ ಕೆಲವು ಎಂದು ತಕ್ಕಡಿ ತೂಗಿದಂತೆ ತುಂಬಬೇಕು. ಇಳಿಸುವಾಗಲೂ ಅದೇ ಲೆಕ್ಕ. ಚಾಲಕನ ಕೈ ಸ್ವಲ್ಪ ಬಿರುಸಾದರೂ ವ್ಯಾಗನ್ ಫ್ಲೋಟಿನ ಆಚೆ ತುದಿಯಿಂದ ನೀರಿಗೆ ಬೀಳುವ ಅಪಾಯವಿತ್ತು.

ತುಂಬಿದ ಫ್ಲೋಟನ್ನು ಟಗ್ ತನ್ನ ಪಕ್ಕಕ್ಕೆ ಕಟ್ಟಿಕೊಂಡು ಹೊರಡುತ್ತಿತ್ತು. ಅನೇಕ ಸಲ ಎಡಕ್ಕೊಂದು, ಬಲಕ್ಕೊಂದು ಫ್ಲೋಟ್. ಎರಡು ರೈಲುಗಾಡಿಗಳ ನಡುವೆ ಸಿಕ್ಕಿಕೊಂಡ ದೋಣಿಯ ಹಾಗೆ ಕಾಣುತ್ತಿತ್ತು. ವ್ಯಾಗನ್‌ಗಳ ಮೇಲಿಂದ ದಾರಿ ಕಾಣಲೆಂದು ರೈಲ್ವೆ ಟಗ್‌ಗಳ ಚುಕ್ಕಾಣಿ ಕೋಣೆಯನ್ನು ಎತ್ತರದಲ್ಲಿ ಕಟ್ಟುತ್ತಿದ್ದರು. ಈಸ್ಟ್ ನದಿಯ ‘ಹೆಲ್ ಗೇಟ್’ ಎಂಬ ಇಕ್ಕಟ್ಟಿನಲ್ಲಿ ಸೆಳೆತ ಬಲು ಜೋರು. ಮಂಜು ಕವಿದ ಚಳಿಗಾಲದ ರಾತ್ರಿಗಳಲ್ಲೂ ಅಲ್ಲಿ ಸರಕು ದಾಟಲೇಬೇಕಿತ್ತು. ನಗರದ ಮರುದಿನದ ಹಾಲು, ಮಾಂಸ, ತರಕಾರಿಗಳಲ್ಲಿ ಬಹಳಷ್ಟು ಅದೇ ನೀರಿನ ಮೇಲಿಂದ ಬರಬೇಕಿತ್ತು.

ಹೊಗೆಯ ಮೇಲೆ ಕಾನೂನು

ಆರಂಭದಲ್ಲಿ ಈ ಕೆಲಸವೆಲ್ಲ ಹಬೆಯ ಬಲದಿಂದ ನಡೆಯುತ್ತಿತ್ತು. ಹಬೆ ಎಂಜಿನ್‌ಗೆ ಕಲ್ಲಿದ್ದಲು ಬೇಕು, ನೀರು ಬೇಕು. ಕೆಲಸವಿಲ್ಲದಾಗಲೂ ಬೆಂಕಿ ಆರದಂತೆ ನೋಡಿಕೊಳ್ಳಲು ಆಳು ಬೇಕು. ಜೊತೆಗೆ ಹೊಗೆ. 1902ರ ಜನವರಿ 8ರಂದು ಮ್ಯಾನ್‌ಹಟನ್ನಿನ ಪಾರ್ಕ್ ಅವೆನ್ಯೂ ಕೆಳಗಿನ ಸುರಂಗದಲ್ಲಿ, ಹೊಗೆ ಮತ್ತು ಹಬೆಯ ನಡುವೆ ಸಿಗ್ನಲ್ ದಾಟಿ ಬಂದ ಗಾಡಿಯೊಂದು ನಿಂತಿದ್ದ ಇನ್ನೊಂದು ಗಾಡಿಗೆ ಹಿಂದಿನಿಂದ ಡಿಕ್ಕಿ ಹೊಡೆಯಿತು. ಕನಿಷ್ಠ 15 ಮಂದಿ ಸತ್ತರು. ಮರುವರ್ಷವೇ ಮ್ಯಾನ್‌ಹಟನ್ನಿನಲ್ಲಿ ಹಬೆಯ ರೈಲನ್ನು 1908ರೊಳಗೆ ನಿಲ್ಲಿಸಬೇಕೆಂಬ ಕಾನೂನು ಬಂತು. ಪ್ರಯಾಣಿಕರ ಮುಖ್ಯಮಾರ್ಗಗಳು ವಿದ್ಯುತ್ತಿಗೆ ಬದಲಾದವು.

1923ರಲ್ಲಿ ರಾಜ್ಯ ಶಾಸನಸಭೆ ‘ಕಾಫ್‌ಮನ್ ಕಾಯಿದೆ’ ತಂದು ಇನ್ನೂ ಮುಂದೆ ಹೋಯಿತು. ನಗರದ ಎಲ್ಲೆಯೊಳಗಿನ ರೈಲುಗಳೆಲ್ಲ 1926ರ ಹೊತ್ತಿಗೆ ಹಬೆಯನ್ನು ಬಿಡಬೇಕು ಎಂದಿತು ಆ ಕಾಯಿದೆ. ಮುಂದೆ ಅದಕ್ಕೆ ತಿದ್ದುಪಡಿಗಳಾದವು, ಗಡುವು ಸಡಿಲವಾಯಿತು. ಆದರೆ ರೈಲ್ವೆ ಕಂಪನಿಗಳಿಗೆ ಬಿಸಿ ತಟ್ಟಿತ್ತು. ಮುಖ್ಯಮಾರ್ಗಕ್ಕೆ ವಿದ್ಯುತ್ ತಂತಿ ಎಳೆಯುವುದಕ್ಕೆ ಅರ್ಥವಿದೆ. ನದಿಯಂಚಿನ ಪುಟ್ಟ ಯಾರ್ಡಿಗೆ, ಅದೂ ದಿನಕ್ಕೆ ಹತ್ತಾರು ವ್ಯಾಗನ್ ಬಂದುಹೋಗುವ ಜಾಗಕ್ಕೆ ಅಷ್ಟು ಹಣ ಯಾರು ಸುರಿಯುತ್ತಾರೆ?

ಎಂಜಿನ್ ನಂಬರ್ 1000

ಇಂಥದೇ ಒಂದು ಯಾರ್ಡ್ ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜೆರ್ಸಿ ಕಂಪನಿಗೆ ಬ್ರಾಂಕ್ಸ್‌ನಲ್ಲಿ, ಹಾರ್ಲೆಮ್ ನದಿಯ ದಡದಲ್ಲಿತ್ತು. ಅದು ಕಂಪನಿಯ ಉಳಿದ ಹಳಿಗಳಿಂದ ಪೂರ್ತಿ ಬೇರ್ಪಟ್ಟಿದ್ದ ತುಂಡು. ಅಲ್ಲಿಗೆ ಬರುವ ಪ್ರತಿಯೊಂದು ವ್ಯಾಗನ್ನೂ ನ್ಯೂಜೆರ್ಸಿಯಿಂದ ಫ್ಲೋಟಿನ ಮೇಲೆ, ಟಗ್ಗಿನ ಬಲದಿಂದ ಬರಬೇಕಿತ್ತು. 1925ರಲ್ಲಿ ಆ ಯಾರ್ಡಿಗೆ ಪೆಟ್ಟಿಗೆಯಾಕಾರದ ಹೊಸ ಎಂಜಿನ್ ಒಂದು ಬಂತು. ಅದರ ನಂಬರು 1000. ಅಮೆರಿಕದಲ್ಲಿ ವಾಣಿಜ್ಯವಾಗಿ ಯಶಸ್ಸು ಕಂಡ ಮೊದಲ ಡೀಸೆಲ್-ವಿದ್ಯುತ್ ರೈಲು ಎಂಜಿನ್ ಎಂದು ಇತಿಹಾಸಕಾರರು ಗುರುತಿಸುವುದು ಇದನ್ನೇ.

ಮೂರು ಕಂಪನಿಗಳು ಸೇರಿ ಅದನ್ನು ತಯಾರಿಸಿದ್ದವು. ಚೌಕಟ್ಟು ಮತ್ತು ಹೊರಮೈ ಅಮೆರಿಕನ್ ಲೋಕೋಮೋಟಿವ್ ಕಂಪನಿಯದು, ಅಂದರೆ ‘ಆಲ್ಕೋ’ದ್ದು. ವಿದ್ಯುತ್ ಸಲಕರಣೆ ಜನರಲ್ ಎಲೆಕ್ಟ್ರಿಕ್‌ನದು. ಡೀಸೆಲ್ ಯಂತ್ರ ಇಂಗರ್ಸಾಲ್-ರ‍್ಯಾಂಡ್‌ನದು. ಶಕ್ತಿ ಕೇವಲ 300 ಅಶ್ವಶಕ್ತಿ, ತೂಕ ಸುಮಾರು 54 ಟನ್. ಅಂದಿನ ದೊಡ್ಡ ಹಬೆ ಎಂಜಿನ್‌ಗಳ ಪಕ್ಕದಲ್ಲಿ ನಿಲ್ಲಿಸಿದರೆ ಆಟಿಕೆಯಂತೆ ಕಾಣುತ್ತಿತ್ತು.

ರುಡಾಲ್ಫ್ ಡೀಸೆಲ್ 1897ರಲ್ಲೇ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ್ದ. ಅದು ಹಳಿಯ ಮೇಲೆ ಬರಲು ಇಷ್ಟು ವರ್ಷ ಹಿಡಿಯಲು ಕಾರಣವಿದೆ. ಹಬೆ ಎಂಜಿನ್ ನಿಂತ ನಿಲುವಿನಲ್ಲೇ ಪೂರ್ಣ ಬಲದಿಂದ ಎಳೆಯಬಲ್ಲದು. ಡೀಸೆಲ್ ಯಂತ್ರ ಹಾಗಲ್ಲ. ಅದು ಮೊದಲು ಒಂದು ವೇಗದಲ್ಲಿ ತಿರುಗುತ್ತಿರಬೇಕು. ನಿಂತಿರುವ ಭಾರವನ್ನು ನೇರವಾಗಿ ಅದಕ್ಕೆ ಕಟ್ಟಿದರೆ ನಿಂತೇಹೋಗುತ್ತದೆ. ಆದ್ದರಿಂದ ಡೀಸೆಲ್ ಯಂತ್ರದಿಂದ ಜನರೇಟರ್ ತಿರುಗಿಸಿ, ಅದರ ವಿದ್ಯುತ್ತಿನಿಂದ ಗಾಲಿಗಳ ಮೋಟಾರ್ ಓಡಿಸುವ ಕ್ರಮ ಬಂತು. ಯಂತ್ರಕ್ಕೆ ಶಕ್ತಿ ಮೀರಿದ ಭಾರ ಬೀಳದಂತೆ ಎರಡನ್ನೂ ಹೊಂದಿಸುವ ಸರಳ ನಿಯಂತ್ರಣವನ್ನು ಜನರಲ್ ಎಲೆಕ್ಟ್ರಿಕ್‌ನ ಎಂಜಿನಿಯರ್ ಹರ್ಮನ್ ಲೆಂಪ್ ರೂಪಿಸಿದ. ಒಂದು ಹಿಡಿ ತಿರುಗಿಸಿದರೆ ಸಾಕು, ಉಳಿದದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ ಎಂಬಂತಾಯಿತು.

1000 ನಂಬರಿನ ಎಂಜಿನ್ ಅದೇ ಬ್ರಾಂಕ್ಸ್ ಯಾರ್ಡಿನಲ್ಲಿ 1957ರವರೆಗೆ, 30 ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. ಊರು ನೋಡಲಿಲ್ಲ, ಮುಖ್ಯಮಾರ್ಗ ಕಾಣಲಿಲ್ಲ. ಬಂದ ಫ್ಲೋಟನ್ನು ಖಾಲಿ ಮಾಡುವುದು, ಖಾಲಿಯಾದದ್ದನ್ನು ತುಂಬಿಸುವುದು, ಇಷ್ಟೇ. ಈಗ ಅದು ಬಾಲ್ಟಿಮೋರ್ ನಗರದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದೆ.

ಟಗ್ಗಿನ ಹೊಟ್ಟೆಯೊಳಗೆ

ಟಗ್‌ಗಳ ಮೇಲೆ ಇಂಥ ಕಾನೂನಿನ ಒತ್ತಡವಿರಲಿಲ್ಲ. ಅಲ್ಲಿ ಡೀಸೆಲ್ ಬಂದದ್ದು ಖರ್ಚಿನ ಲೆಕ್ಕದಿಂದ. ಹಳೆಯ ಟಗ್‌ನಲ್ಲಿ ಕಪ್ತಾನ ಮೇಲಿನ ಚುಕ್ಕಾಣಿ ಕೋಣೆಯಲ್ಲಿ, ಎಂಜಿನಿಯರ್ ಕೆಳಗಿನ ಯಂತ್ರದ ಕೋಣೆಯಲ್ಲಿ. ಇವರಿಬ್ಬರ ನಡುವೆ ಮಾತೆಂದರೆ ಗಂಟೆಯ ಸದ್ದು. ಕಪ್ತಾನ ತಂತಿ ಎಳೆದರೆ ಕೆಳಗೆ ಗಂಟೆ ಬಾರಿಸುತ್ತದೆ. ನಿಂತಿರುವಾಗ ಒಂದು ಗಂಟೆಯೆಂದರೆ ಮುಂದಕ್ಕೆ, ಎರಡೆಂದರೆ ಹಿಂದಕ್ಕೆ. ಕಿಣಿಕಿಣಿ ಸದ್ದಿನ ಇನ್ನೊಂದು ಗಂಟೆ ಬಂದರೆ ಪೂರ್ಣ ವೇಗ. ಹೊರಗೆ ಏನಾಗುತ್ತಿದೆ ಎಂಬುದು ಎಂಜಿನಿಯರ್‌ಗೆ ಕಾಣುವುದಿಲ್ಲ. ಸಾವಿರಾರು ಟನ್ ಹಡಗು ಧಕ್ಕೆಗೆ ಬಡಿಯುವುದು ಬಿಡುವುದು ಆತನ ಕಿವಿ ಮತ್ತು ಕೈಯ ಚುರುಕಿನ ಮೇಲೆ ನಿಂತಿತ್ತು.

ಮೊದಲ ತಲೆಮಾರಿನ ಅನೇಕ ಡೀಸೆಲ್ ಟಗ್‌ಗಳಲ್ಲಿ ಯಂತ್ರವೇ ಹಿಂದುಮುಂದಾಗಿ ತಿರುಗಬೇಕಿತ್ತು. ಹಿಂದಕ್ಕೆ ಹೋಗಬೇಕಾದರೆ ಯಂತ್ರವನ್ನು ಪೂರ್ತಿ ನಿಲ್ಲಿಸಿ, ಒತ್ತಿ ತುಂಬಿಟ್ಟ ಗಾಳಿಯಿಂದ ವಿರುದ್ಧ ದಿಕ್ಕಿನಲ್ಲಿ ಮತ್ತೆ ಚಾಲೂ ಮಾಡಬೇಕು. ಹಡಗನ್ನು ಧಕ್ಕೆಗೆ ಸೇರಿಸುವಾಗ ಕೆಲವೇ ನಿಮಿಷಗಳಲ್ಲಿ ಹತ್ತಾರು ಬಾರಿ ಹೀಗೆ ಮಾಡಬೇಕಾಗುತ್ತಿತ್ತು. ಗಾಳಿಯ ಸಿಲಿಂಡರ್ ಬರಿದಾದರೆ ಟಗ್ ಅಲ್ಲಿಗೇ ನಿಂತಿತು! ಡೀಸೆಲ್-ವಿದ್ಯುತ್ ಟಗ್ ಈ ಕಷ್ಟವನ್ನು ನಿವಾರಿಸಿತು. ಯಂತ್ರ ಒಂದೇ ದಿಕ್ಕಿಗೆ ತಿರುಗುತ್ತಿರುತ್ತದೆ. ಹಿಂದೆ ಮುಂದೆ ಆಗುವುದು ಮೋಟಾರ್ ಮಾತ್ರ. ಕಪ್ತಾನ ತಾನೇ ಮೇಲಿನಿಂದ ಹಿಡಿ ತಿರುಗಿಸಬಹುದು. ಬ್ರಾಂಕ್ಸ್‌ನ ಎಂಜಿನ್‌ನಲ್ಲಿದ್ದ ತತ್ವವೇ ಇದು.

ತತ್ವವಷ್ಟೇ ಅಲ್ಲ, ಯಂತ್ರವೂ ಒಂದೇ ಆಯಿತು. ಜನರಲ್ ಮೋಟಾರ್ಸ್‌ನ ರೈಲು ಎಂಜಿನ್ ವಿಭಾಗ 1938ರಲ್ಲಿ ‘567’ ಎಂಬ ಯಂತ್ರವನ್ನು ಹೊರತಂದಿತು. ಒಂದೊಂದು ಸಿಲಿಂಡರಿನ ಅಳತೆ 567 ಘನ ಅಂಗುಲವಾದ್ದರಿಂದ ಆ ಹೆಸರು. ಆರು ಸಿಲಿಂಡರಿನ ಯಂತ್ರ 600 ಅಶ್ವಶಕ್ತಿಯ ಶಂಟಿಂಗ್ ಎಂಜಿನ್ನಿಗೆ, ಹನ್ನೆರಡು ಸಿಲಿಂಡರಿನದು 1,000 ಅಶ್ವಶಕ್ತಿಯದಕ್ಕೆ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕ್‌ಗಳನ್ನು ಕಡಲತೀರಕ್ಕೆ ಇಳಿಸುತ್ತಿದ್ದ ಎಲ್‌ಎಸ್‌ಟಿ ಹಡಗುಗಳಿಗೆ ಇದೇ ಹನ್ನೆರಡು ಸಿಲಿಂಡರಿನ ಯಂತ್ರವನ್ನು ಎರಡೆರಡು ಕೂಡಿಸಿದರು. ಅದೇ ಕಂಪನಿಯ ಕ್ಲೀವ್‌ಲೆಂಡ್ ವಿಭಾಗದ ಯಂತ್ರಗಳು ಜಲಾಂತರ್ಗಾಮಿಗಳಲ್ಲಿದ್ದವು. ಯುದ್ಧ ಮುಗಿದ ಮೇಲೆ ಅದೇ ಮಾದರಿಯ ಯಂತ್ರಗಳು ಬಂದರಿನ ಟಗ್‌ಗಳಲ್ಲಿ ಕಾಣಿಸಿಕೊಂಡವು. ರೈಲು ಎಂಜಿನ್‌ಗಾಗಿ ಹುಟ್ಟಿದ 567 ಮತ್ತು ಅದರ ನಂತರ ಬಂದ 645 ಮಾದರಿಗಳು ಅಮೆರಿಕದ ಟಗ್‌ಗಳಲ್ಲಿ ದಶಕಗಳ ಕಾಲ ಮನೆಮಾತಾದವು.

ಈ ಯಂತ್ರಗಳ ದೀರ್ಘಾಯುಷ್ಯದ ಗುಟ್ಟು ಸರಳ. ಒಂದು ಸಿಲಿಂಡರ್ ಸವೆದರೆ ಇಡೀ ಯಂತ್ರವನ್ನು ಬಿಚ್ಚಬೇಕಿಲ್ಲ. ಸಿಲಿಂಡರ್, ಪಿಸ್ಟನ್, ತಲೆಭಾಗ ಸೇರಿದ ಒಂದು ಘಟಕವನ್ನು ಎತ್ತಿ ಹೊರಗಿಟ್ಟು, ಹೊಸದನ್ನು ಕೂರಿಸಿದರಾಯಿತು. ಟಗ್ಗಿನ ಬಿಡಿಭಾಗ ರೈಲ್ವೆ ಉಗ್ರಾಣದಲ್ಲೂ ಸಿಗುತ್ತಿತ್ತು. ಒಡಲು ಗಟ್ಟಿಯಿದ್ದರೆ ಯಂತ್ರ ಬದಲಿಸಿ ಬದುಕು ಮುಂದುವರಿಸಬಹುದಿತ್ತು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಗಾಗಿ 1907ರಲ್ಲಿ ಕಟ್ಟಿದ ಹಬೆಯ ಟಗ್ ಒಂದು 1950ರ ದಶಕದಲ್ಲಿ ಡೀಸೆಲ್‌ಗೆ ಬದಲಾಯಿತು. ‘ಪೆಗಾಸಸ್’ ಎಂಬ ಹೆಸರಿನಲ್ಲಿ ಅದು 1990ರ ದಶಕದಲ್ಲೂ ನ್ಯೂಯಾರ್ಕ್ ಬಂದರಿನಲ್ಲಿ ದುಡಿಯುತ್ತಿತ್ತು.

ಎಷ್ಟು ಕೈಗಳು ಬೇಕು?

ಯಂತ್ರದ ಆಯುಷ್ಯ ಹೀಗೆ ಬೆಳೆಯುತ್ತಿದ್ದಾಗ ಅದನ್ನು ನಡೆಸುವವರ ಕೆಲಸದ ಆಯುಷ್ಯ ಕುಗ್ಗುತ್ತಿತ್ತು. ಬೆಂಕಿಯೇ ಇಲ್ಲದ ಎಂಜಿನ್ನಿನಲ್ಲಿ ಫೈರ್‌ಮನ್‌ಗೆ ಏನು ಕೆಲಸ ಎಂದು ಕಂಪನಿಗಳು ಕೇಳಿದವು. ಹಳಿಯ ಎರಡೂ ಬದಿ ನೋಡಲು ಇನ್ನೊಂದು ಜೊತೆ ಕಣ್ಣು ಬೇಡವೇ, ಚಾಲಕ ಕುಸಿದುಬಿದ್ದರೆ ಗಾಡಿ ನಿಲ್ಲಿಸುವವರು ಯಾರು ಎಂದು ಸಂಘಗಳು ಮರುಪ್ರಶ್ನೆ ಹಾಕಿದವು. 1937ರಲ್ಲಿ ಒಂದು ಒಪ್ಪಂದವಾಯಿತು. ಗಾಲಿಗಳ ಮೇಲಿನ ಭಾರ 90,000 ಪೌಂಡ್ ಮೀರಿದ ಡೀಸೆಲ್ ಎಂಜಿನ್ನಿನಲ್ಲಿ ಫೈರ್‌ಮನ್ ಇರಲೇಬೇಕು. ಅದಕ್ಕಿಂತ ಹಗುರವಾದುದರಲ್ಲಿ ಕಡ್ಡಾಯವಿಲ್ಲ.

ಒಪ್ಪಂದದ ಶಾಯಿ ಒಣಗಿ ಮೂರೇ ವರ್ಷಕ್ಕೆ, 1940ರಲ್ಲಿ, ಜನರಲ್ ಎಲೆಕ್ಟ್ರಿಕ್ ಒಂದು ಪುಟ್ಟ ಶಂಟಿಂಗ್ ಎಂಜಿನ್ ತಯಾರಿಸಿತು. ಅದರ ತೂಕ 44 ಅಮೆರಿಕನ್ ಟನ್, ಅಂದರೆ ಸರಿಯಾಗಿ 88,000 ಪೌಂಡ್. ‘44 ಟನ್ನಿನ ಎಂಜಿನ್’ ಎಂದೇ ಅದು ಹೆಸರಾಯಿತು. ಒಬ್ಬ ಮನುಷ್ಯನ ಸಂಬಳ ಉಳಿಸಲೆಂದೇ ತೂಗಿ ಕಟ್ಟಿದ ಯಂತ್ರ ಅದು. 1956ರವರೆಗೆ ಅದು ತಯಾರಾಗುತ್ತಲೇ ಇತ್ತು.

ನೀರಿನ ಮೇಲಿನ ಕಾರ್ಮಿಕರ ಬಲ ಎಂಥದೆಂಬುದು 1946ರಲ್ಲಿ ಗೊತ್ತಾಯಿತು. ಆ ವರ್ಷದ ಫೆಬ್ರವರಿ 4ರಂದು ಸುಮಾರು 3,500 ಟಗ್ ಕಾರ್ಮಿಕರು ಮುಷ್ಕರ ಹೂಡಿದರು. ನ್ಯೂಯಾರ್ಕಿನ ಕಲ್ಲಿದ್ದಲು, ಎಣ್ಣೆಯೆಲ್ಲ ಬರುತ್ತಿದ್ದುದು ಟಗ್‌ಗಳು ಎಳೆಯುವ ದೋಣಿಗಳಲ್ಲಿ. ನಡುಚಳಿಗಾಲದಲ್ಲಿ ಉರುವಲು ಮುಗಿಯುತ್ತ ಬಂತು. ಫೆಬ್ರವರಿ 12ರಂದು ಮೇಯರ್ ವಿಲಿಯಂ ಓಡ್ವೈಯರ್ ಇಡೀ ನಗರವನ್ನೇ ಮುಚ್ಚಲು ಆಜ್ಞೆ ಹೊರಡಿಸಿದರು. ಶಾಲೆ, ಅಂಗಡಿ, ನಾಟಕಶಾಲೆಗಳು ಬಾಗಿಲು ಹಾಕಿದವು. ಬಂದರಿನಲ್ಲಿ ಟಗ್‌ಗಳು ಇವೆಯೆಂಬುದು ನಗರದ ಅನೇಕರಿಗೆ ಅರಿವಾದದ್ದೇ ಅವು ನಿಂತ ದಿನ.

1961ರ ಜನವರಿಯ ಮುಷ್ಕರ ಇನ್ನೂ ವಿಚಿತ್ರ. ರೈಲ್ವೆ ಕಂಪನಿಗಳ ಟಗ್ ಮತ್ತು ದೋಣಿಗಳಲ್ಲಿ ಆಗ ಉಳಿದಿದ್ದವರು 700ಕ್ಕೂ ಕಡಿಮೆ ಜನ. ಡೀಸೆಲ್ ಟಗ್ಗಿನಲ್ಲಿ ಎಷ್ಟು ಸಿಬ್ಬಂದಿ ಇರಬೇಕೆಂಬುದನ್ನು ತಾವೇ ನಿರ್ಧರಿಸುತ್ತೇವೆ ಎಂದು ಕಂಪನಿಗಳು ಪಟ್ಟು ಹಿಡಿದಾಗ ಅವರು ಕೆಲಸ ನಿಲ್ಲಿಸಿದರು. ನಿಲ್ದಾಣಗಳ ಮುಂದೆ ಧರಣಿ ನಿಂತರು. ಆ ಸಾಲನ್ನು ದಾಟಿ ಒಳಹೋಗಲು ಇತರ ರೈಲ್ವೆ ನೌಕರರು ಒಪ್ಪಲಿಲ್ಲ. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ಬಿಕೋ ಎಂದಿತು. ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಕೆನಡಿ ಸರ್ಕಾರದ ಕಾರ್ಮಿಕ ಸಚಿವ ಆರ್ಥರ್ ಗೋಲ್ಡ್‌ಬರ್ಗ್ ಮಧ್ಯೆ ಪ್ರವೇಶಿಸಿ ಮುಷ್ಕರ ಮುಗಿಸಿದರು. ಸಿಬ್ಬಂದಿ ಸಂಖ್ಯೆಯ ಪ್ರಶ್ನೆಯನ್ನು ಮುಂದಕ್ಕೆ ಹಾಕಲಾಯಿತು.

ಮುಂದಕ್ಕೆ ಹಾಕಿದ ಪ್ರಶ್ನೆ ಕಾರ್ಮಿಕರ ಪರವಾಗಿ ಬಗೆಹರಿಯಲಿಲ್ಲ. 1963ರಲ್ಲಿ ಅಮೆರಿಕದ ಸಂಸತ್ತು ರೈಲ್ವೆ ಫೈರ್‌ಮನ್‌ಗಳ ವಿವಾದವನ್ನು ಕಡ್ಡಾಯ ಪಂಚಾಯ್ತಿಗೆ ಒಪ್ಪಿಸಿತು. ಸರಕು ಗಾಡಿ ಮತ್ತು ಯಾರ್ಡ್‌ಗಳ ಫೈರ್‌ಮನ್ ಹುದ್ದೆಗಳಲ್ಲಿ ನೂರಕ್ಕೆ 90ರಷ್ಟನ್ನು ಕ್ರಮೇಣ ರದ್ದು ಮಾಡಬಹುದೆಂದು ತೀರ್ಪು ಬಂತು. ಸಾವಿರಾರು ಜನರ ಕಸುಬು ಅಲ್ಲಿಗೆ ಮುಗಿಯಿತು. ಕಂಪನಿಗಳ ವಾದದಲ್ಲಿ ಹುರುಳಿರಲಿಲ್ಲವೆಂದಲ್ಲ. ಲಾರಿಗಳ ಪೈಪೋಟಿಯಲ್ಲಿ ಅವು ನಿಜಕ್ಕೂ ಸೋಲುತ್ತಿದ್ದವು. ಆದರೆ ಉಳಿಸಿದ ಸಂಬಳ ಕೂಡ ಅವನ್ನು ಉಳಿಸಲಿಲ್ಲ.

ಕೊನೆಗೆ ಉಳಿದ ಫ್ಲೋಟ್

ಹಡ್ಸನ್ ನದಿಗೆ 1927ರಲ್ಲಿ ಹಾಲೆಂಡ್ ಸುರಂಗ, 1931ರಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ, 1937ರಲ್ಲಿ ಲಿಂಕನ್ ಸುರಂಗ ಬಂದಿದ್ದವು. ಎಲ್ಲವೂ ಮೋಟಾರು ವಾಹನಗಳಿಗೆ. 1921ರಲ್ಲಿ ಬಂದರು ಪ್ರಾಧಿಕಾರ ಹುಟ್ಟಿದಾಗ ಅದರ ಮುಖ್ಯ ಯೋಜನೆಗಳಲ್ಲಿ ಒಂದಾಗಿದ್ದ ಸರಕು ರೈಲಿನ ಸುರಂಗ ಮಾತ್ರ ಆಗಲೇ ಇಲ್ಲ. 1956ರ ಏಪ್ರಿಲ್ 26ರಂದು ‘ಐಡಿಯಲ್-ಎಕ್ಸ್’ ಎಂಬ ಹಡಗು ನೆವಾರ್ಕ್‌ನಿಂದ 58 ಕಂಟೇನರ್ ಹೊತ್ತು ಹೂಸ್ಟನ್‌ಗೆ ಹೊರಟಿತು. ಕಂಟೇನರ್ ಇಳಿಸಲು ವಿಶಾಲವಾದ ಬಯಲು ಬೇಕು, ಅದು ನ್ಯೂಜೆರ್ಸಿಯಲ್ಲಿತ್ತು. ಮ್ಯಾನ್‌ಹಟನ್ ಮತ್ತು ಬ್ರೂಕ್ಲಿನ್‌ನ ಧಕ್ಕೆಗಳು ಒಂದೊಂದಾಗಿ ಬರಿದಾದವು. ಬ್ರಾಂಕ್ಸ್‌ನ ಆ ಪುಟ್ಟ ಯಾರ್ಡ್ 1960ರ ದಶಕದ ಆರಂಭದಲ್ಲಿ ಮುಚ್ಚಿತು. ಅದರ ಒಡೆಯ ಕಂಪನಿ 1976ರಲ್ಲಿ ಕಾನ್‌ರೈಲ್‌ನಲ್ಲಿ ಲೀನವಾಯಿತು.

1000 ನಂಬರಿನ ಎಂಜಿನ್‌ಗೆ ಒಡಲು ಕೊಟ್ಟಿದ್ದ ಆಲ್ಕೋ ಕಂಪನಿಯೂ 1969ರಲ್ಲಿ ಎಂಜಿನ್ ತಯಾರಿಕೆ ನಿಲ್ಲಿಸಿತು. ಅದರ ವಂಶ ಮಾತ್ರ ಭಾರತದಲ್ಲಿ ಮುಂದುವರಿಯಿತು. ಆಲ್ಕೋ ಸಹಯೋಗದಲ್ಲಿ 1961ರಲ್ಲಿ ಸ್ಥಾಪನೆಯಾದ ವಾರಾಣಸಿಯ ಡೀಸೆಲ್ ಎಂಜಿನ್ ಕಾರ್ಖಾನೆ 1964ರಿಂದ ಡಬ್ಲ್ಯುಡಿಎಂ-2 ಎಂಜಿನ್‌ಗಳನ್ನು ಹೊರತಂದಿತು. ಬೆಂಗಳೂರು-ಹುಬ್ಬಳ್ಳಿ ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಅಲ್ಲಿ ಓಡಿದ ವೈಡಿಎಂ-4 ಕೂಡ ಅದೇ ಕುಲದ್ದು. ಅದರ ಆರು ಸಿಲಿಂಡರಿನ ಯಂತ್ರವನ್ನೇ ಹೊತ್ತ ಡಬ್ಲ್ಯುಡಿಎಸ್-6 ನಮ್ಮ ಯಾರ್ಡ್‌ಗಳಲ್ಲಿ ಮತ್ತು ಉಕ್ಕಿನ ಕಾರ್ಖಾನೆಗಳಲ್ಲಿ ಶಂಟಿಂಗ್ ಮಾಡಿತು.

ನ್ಯೂಯಾರ್ಕಿನ ಟಗ್‌ಗಳು ಕಡಿಮೆಯಾದರೂ ಇಲ್ಲವಾಗಲಿಲ್ಲ. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಕುಸಿದು, ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿ ಜನ ಸಿಕ್ಕಿಬಿದ್ದಾಗ ಟಗ್‌ಗಳು, ಪ್ರಯಾಣಿಕರ ದೋಣಿಗಳು, ಗಸ್ತು ದೋಣಿಗಳು ದಡಕ್ಕೆ ಧಾವಿಸಿದವು. ಸುಮಾರು ಒಂಬತ್ತು ಗಂಟೆಗಳಲ್ಲಿ 5 ಲಕ್ಷದಷ್ಟು ಜನರನ್ನು ಅವು ನೀರು ದಾಟಿಸಿದವು ಎಂದು ಅಂದಾಜು. ಸರಕಿಗಾಗಿ ಕಟ್ಟಿದ ಟಗ್‌ಗಳ ಅಟ್ಟದ ಮೇಲೆ ಅಂದು ಧೂಳು ಮೆತ್ತಿದ ಗುಮಾಸ್ತರು ನಿಂತಿದ್ದರು.

ಹಡ್ಸನ್ ದಾಟಲು ಉತ್ತರದಲ್ಲಿದ್ದ ಪೊಕಿಪ್ಸಿ ರೈಲು ಸೇತುವೆ 1974ರಲ್ಲಿ ಬೆಂಕಿಗೆ ತುತ್ತಾಗಿ ನಿಂತುಹೋದ ಮೇಲೆ, ನ್ಯೂಜೆರ್ಸಿಯಿಂದ ಬ್ರೂಕ್ಲಿನ್‌ಗೆ ಹೋಗಬೇಕಾದ ಸರಕು ವ್ಯಾಗನ್ 225 ಕಿಲೋಮೀಟರ್ ಉತ್ತರಕ್ಕೆ ಹೋಗಿ, ನದಿ ದಾಟಿ, ಮತ್ತೆ ಅಷ್ಟೇ ದೂರ ಇಳಿದು ಬರಬೇಕು. ಇಲ್ಲದಿದ್ದರೆ ಹಳೆಯ ದಾರಿ ಒಂದೇ. ಜೆರ್ಸಿ ಸಿಟಿಯ ಗ್ರೀನ್‌ವಿಲ್ ಯಾರ್ಡ್ ಮತ್ತು ಬ್ರೂಕ್ಲಿನ್‌ನ 65ನೇ ಬೀದಿಯ ನಡುವಿನ ಆ ಕೊನೆಯ ಕಾರ್ ಫ್ಲೋಟ್ ಮಾರ್ಗವನ್ನು 2008ರಲ್ಲಿ ಬಂದರು ಪ್ರಾಧಿಕಾರವೇ ಕೊಂಡುಕೊಂಡಿತು. 2012ರ ಸ್ಯಾಂಡಿ ಚಂಡಮಾರುತ ಗ್ರೀನ್‌ವಿಲ್‌ನ ಏರಿಳಿಯುವ ಸೇತುವೆಗಳನ್ನು ಹಾಳುಮಾಡಿದರೂ ಪ್ರಾಧಿಕಾರ ಕೆಲಸ ಬಿಡಲಿಲ್ಲ. ಹೊಸ ಸೇತುವೆ ಕಟ್ಟಿತು, ಹೊಸ ಫ್ಲೋಟ್ ತರಿಸಿತು, ಹಳೆಯ ಹೊಗೆಯ ಶಂಟಿಂಗ್ ಎಂಜಿನ್‌ಗಳ ಜಾಗಕ್ಕೆ ಕಡಿಮೆ ಹೊಗೆಯವನ್ನು ತಂದಿತು. ಸುತ್ತಲಿನ ಬಡಾವಣೆಗಳ ಗಾಳಿಯ ದೃಷ್ಟಿಯಿಂದ ಅದು ಆಗಬೇಕಾದ ಕೆಲಸವೇ.

ಆದರೂ ಕೆಲಸದ ಕ್ರಮ ಬದಲಾಗಿಲ್ಲ. ಉಬ್ಬರ ನೋಡಿ ಸೇತುವೆ ಇಳಿಸಬೇಕು, ಹಳಿ ಕೂಡಿಸಬೇಕು, ಈ ಬದಿಗೆ ಕೆಲವು ಆ ಬದಿಗೆ ಕೆಲವು ಎಂದು ವ್ಯಾಗನ್ ಹತ್ತಿಸಬೇಕು. ಆಮೇಲೆ ಟಗ್ ಬಂದು ಆನಿಕೊಳ್ಳುತ್ತದೆ. ಒಂದು ಗಂಟೆಯೊಳಗೆ ಸರಕು ಆಚೆ ದಡದಲ್ಲಿರುತ್ತದೆ.